ಮಿಲ್ಲಿನ ನಾಲಿಗೆ

ನವೆಂಬರ್ 28, ಗುರುವಾರ. ಬೆಳಿಗ್ಗೆ

ಇವತ್ತೂ ಮಿಲ್ಲಿನ ಚೀಲ ತೂಗುವ ಕಾಟಾದ ಮೇಲೆಯೇ ನಿಂತೆ. ಮನೆಯ ಮಷೀನಿನಲ್ಲಿ ಎರರ್ ಬರುತ್ತದೆ — ಅದಕ್ಕೆ ನಾನು ಭಾರ. ಹಮಾಲಿ ಜಂಬಪ್ಪ ಆಚೆ ತಿರುಗಿ ಬೀಡಿ ಹಚ್ಚಿದ, ನೋಡದವನ ಹಾಗೆ. ಬೆನ್ನ ಹಿಂದೆ ನನ್ನನ್ನು ‘ಎರಡು ಚೀಲ’ ಅಂತಾರೆ. ಗೊತ್ತು. ಕಾಟಾ ತೋರಿಸಿದ್ದು 146. ಎರಡು ಚೀಲ ಭತ್ತಕ್ಕೆ ನಾಲ್ಕು ಕಿಲೋ ಕಮ್ಮಿ. ಅಷ್ಟರಮಟ್ಟಿಗೆ ಅವರು ಸುಳ್ಳು ಹೇಳುತ್ತಾರೆ.

ಲಿಕ್ವಿಡ್ ಡಯಟ್ ಶುರುವಾಗಿ ಎರಡನೇ ದಿನ. ಪ್ರೋಟೀನ್ ಪುಡಿ, ತೆಳ್ಳನೆ ಮಜ್ಜಿಗೆ, ಬೇಳೆ ಕಟ್ಟು. ಅಷ್ಟೆ. ಎರಡು ವಾರ. ಹುಬ್ಬಳ್ಳಿಯ ಡಾಕ್ಟರ್ ಚಿತ್ರ ಬರೆದು ತೋರಿಸಿದ್ದರು — ಹೊಟ್ಟೆಯ ಮೇಲೆ ಲಿವರ್ ಕೊಬ್ಬಿ ಕೂತಿದೆ. ಅದು ಕುಗ್ಗಿದರೆ ಮಾತ್ರ ಹೊಟ್ಟೆಯನ್ನು ಕತ್ತರಿಸಿ ಬಾಳೆಕಾಯಿಯಷ್ಟು ಮಾಡುತ್ತಾರೆ. ಕುಗ್ಗದಿದ್ದರೆ ಆಪರೇಷನ್ ಇಲ್ಲ. ಡಿಸೆಂಬರ್ 12ಕ್ಕೆ ತಾರೀಖು ಕೊಟ್ಟಿದ್ದಾರೆ.

ಆಗಲೇಬೇಕು. ನಿದ್ದೆಯಲ್ಲಿ ಉಸಿರು ನಿಲ್ಲುತ್ತದಂತೆ, ಮತ್ತೆ ಮತ್ತೆ. ಮಲಗುವಾಗ ಮೂಗಿಗೆ ಮಾಸ್ಕ್. ಆದರೂ ಹಗಲು ಕೂತಲ್ಲೇ ತೂಕಡಿಕೆ. ದೀಪಾವಳಿ ಮುಗಿದ ವಾರ ಕಾಲುವೆ ಏರಿಯ ಮೇಲೆ ಕಾರು ಓಡಿಸುತ್ತಲೇ ಕಣ್ಣು ಮುಚ್ಚಿದೆ. ಹಿಂದಿನ ಸೀಟಿನಿಂದ ಗಂಗೋತ್ರಿ ಚೀರಿದಳು, ಬ್ರೇಕ್ ಒತ್ತಿದೆ. ಹತ್ತು ವರ್ಷದ ಮಗಳು. ಕಾಲುವೆ ತುಂಬ ನೀರಿತ್ತು. ಅವತ್ತಿನಿಂದ ಸ್ಟೇರಿಂಗ್ ಮುಟ್ಟಿಲ್ಲ.

ಡಿಸೆಂಬರ್ 1, ಭಾನುವಾರ

ಹಸಿವು ಅಂದರೆ ಏನೆಂದು ನಲವತ್ನಾಲ್ಕು ವರ್ಷ ಗೊತ್ತಿರಲಿಲ್ಲ. ಈಗ ಗೊತ್ತಾಯಿತು, ಸಾಕು.

ಹೆಂಡತಿ ಪೂಜಿತಾ ಅಡುಗೆಮನೆ ಬಾಗಿಲು ಹಾಕಿಕೊಂಡು ಮಗಳಿಗೆ ಬಡಿಸುತ್ತಾಳೆ. ಪಾಪ, ನನಗೆ ಕಾಣದಿರಲಿ ಅಂತ. ಒಗ್ಗರಣೆಗೆ ಬಾಗಿಲು ಇದೆಯೇ? ಹೊರಗೆ ಬಂದು ಉಸಿರಿನ ವ್ಯಾಯಾಮಕ್ಕೆ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಡಬ್ಬಿ ಹಿಡಿದು ಕೂತೆ. ನಳಿಕೆಯಿಂದ ಉಸಿರು ಎಳೆದರೆ ಒಳಗಿನ ಮೂರು ಚೆಂಡು ಏಳಬೇಕು. ಎರಡು ಏಳುತ್ತವೆ. ಮೂರನೆಯದು ನನ್ನ ಹಾಗೆಯೇ, ಕೂತರೆ ಕೂತಿತು.

ಕೌನ್ಸೆಲಿಂಗ್ ಮಾಡಿದ ಮೇಡಂ ಕೇಳಿದ್ದು ನೆನಪಾಯಿತು. ನೀವು ಯಾಕೆ ಅಷ್ಟು ತಿನ್ನುತ್ತೀರಿ ಅಂತ. “ಕಂಪ್ಲ್ಯಾಗ ರೈಸ್ ಮಿಲ್ ಐತ್ರಿ ಮೇಡಂ” ಅಂದೆ. ಬರೆದುಕೊಂಡರು.

ಡಿಸೆಂಬರ್ 3, ಮಂಗಳವಾರ

ಹೊಸ ಅಕ್ಕಿಯ ಮೊದಲ ಲಾಟ್. ಹೊಸಪೇಟೆಯ ವ್ಯಾಪಾರಿ ದುರುಗಣ್ಣ ಬಂದು ಕೂತಿದ್ದ. ನಮ್ಮ ಮಿಲ್ಲಿನಲ್ಲಿ ಮಾಲು ಹೋಗುವ ರೀತಿಯೇ ಬೇರೆ. ಆಫೀಸಿನಲ್ಲೇ ಒಂದು ಹಿಡಿ ಅಕ್ಕಿ ಬೇಯಿಸುತ್ತೇವೆ. ಉಪ್ಪಿಲ್ಲ, ಸಾರಿಲ್ಲ. ಮಾಲೀಕ ಮೊದಲು ಉಂಡು ಹೇಳಬೇಕು. ಅಪ್ಪ ಹೇಳುತ್ತಿದ್ದ, ಈಗ ನಾನು. ನಾನು ‘ಆಗಬಹುದು’ ಅಂದರೆ ದುರುಗಣ್ಣ ಚೀಲ ಬಿಚ್ಚಿ ಸಹ ನೋಡುವುದಿಲ್ಲ.

ಒಂದು ತುತ್ತು ಬಾಯಿಗಿಟ್ಟೆ. ಆರು ದಿನದ ಮೇಲೆ ಅನ್ನ. ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ. ಅಗಿದೆ. ನುಂಗಲಿಲ್ಲ. ತಿರುಗಿ ಬೇಸಿನ್ನಿಗೆ ಉಗುಳಿದೆ.

ದುರುಗಣ್ಣ ಎದ್ದು ನಿಂತ. “ಅನ್ನ ಉಗುಳ್ತೀಯಲ್ಲೋ ಶಂಭು. ನಿಮ್ಮಪ್ಪ ನೆಲಕ್ಕ ಬಿದ್ದ ಅಗಳು ಆಯ್ದು ಬಾಯಿಗೆ ಹಾಕ್ಕೊಂತಿದ್ದ.”

“ಡಾಕ್ಟ್ರು ನುಂಗಬ್ಯಾಡ ಅಂದಾರ್ರಿ.”

“ನಾಳೆ ಮೂರು ತುತ್ತಿನ ಹೊಟ್ಟಿ ಇಟ್ಕೊಂಡು ಮಿಲ್ ಹೆಂಗ ನಡಸ್ತಿ? ನಿನ್ನ ನಾಲಿಗಿ ನಂಬಿ ನಾವು ಯಾಪಾರ ಮಾಡೋರು.”

ಸೌದಾ ಆಗಲಿಲ್ಲ. ಆಮೇಲೆ ಬರ್ತೀನಿ ಅಂದು ಹೋದ. ಅವನು ಕೇಳಿದ್ದನ್ನು ನಾನೂ ಕೇಳಿಕೊಂಡೇ ಇದ್ದೇನೆ. ಉಣ್ಣದ ಶಂಭುಲಿಂಗ ಯಾರು? ನನಗೆ ಅವನ ಪರಿಚಯ ಇಲ್ಲ. ಭಯವಾಗುತ್ತದೆ.

ಡಿಸೆಂಬರ್ 6, ಶುಕ್ರವಾರ

ಹಸಿವು ಸ್ವಲ್ಪ ತಗ್ಗಿದೆ. ದೇಹ ಒಗ್ಗಿಕೊಂಡಿತೇನೋ. ಅವ್ವನ ಮಜ್ಜಿಗೆಯೇ ದೊಡ್ಡ ಆಧಾರ. ದಿನಕ್ಕೆ ನಾಲ್ಕು ಸಲ ದೊಡ್ಡ ಲೋಟದಲ್ಲಿ ತಾನೇ ತರುತ್ತಾಳೆ, ಸೊಸೆಯ ಕೈಗೆ ಕೊಡುವುದಿಲ್ಲ. ನಾನು ಕುಡಿದು ಮುಗಿಸುವ ತನಕ ಎದುರಿಗೇ ನಿಲ್ಲುತ್ತಾಳೆ. ಆಪರೇಷನ್ ವಿಷಯ ತೆಗೆದರೆ ಎದ್ದು ಹೋಗುತ್ತಾಳೆ.

ಡಿಸೆಂಬರ್ 9, ಸೋಮವಾರ

ಬೆಳಿಗ್ಗೆ ಹೊಸಪೇಟೆಗೆ ಹೋಗಿ ಸ್ಕ್ಯಾನ್ ಮಾಡಿಸಿ ಬಂದೆ. ರಿಪೋರ್ಟ್, ಕಾಟಾದ ತೂಕ ಎರಡನ್ನೂ ಹುಬ್ಬಳ್ಳಿಗೆ ವಾಟ್ಸಾಪ್ ಮಾಡಿದೆ. ಮಧ್ಯಾಹ್ನ ಡಯಟಿಷಿಯನ್ ಸ್ಫೂರ್ತಿಯ ಫೋನ್.

“ಸರ್, ನಿಜ ಹೇಳ್ರಿ. ಏನ್ ತಿನ್ನಾಕತ್ತೀರಿ?”

“ಏನೂ ಇಲ್ರಿ.”

“ಎರಡು ಕಿಲೋನೂ ಇಳದಿಲ್ಲ. ಲಿವರ್ ಇದ್ದಂಗ ಐತಿ. ಬರೀ ಲಿಕ್ವಿಡ್‌ನ್ಯಾಗ ಇದ್ದೋರಿಗೆ ಹಿಂಗ ಆಗಂಗಿಲ್ರಿ. 19ಕ್ಕ ಮುಂದ ಹಾಕೀವಿ. ಆಗೂ ಹಿಂಗ ಇದ್ರ ಡಾಕ್ಟ್ರು ಕೈ ಹಚ್ಚಂಗಿಲ್ಲ.”

ಫೋನ್ ಇಟ್ಟೆ. ಕದ್ದು ತಿಂದಿದ್ದರೆ ಬೈಸಿಕೊಳ್ಳಬಹುದಿತ್ತು. ಅಗಿದ ಅನ್ನ ಉಗುಳಿದವನು ನಾನು...

ಪೂಜಿತಾ ಹತ್ತಿರ ಬಂದು ಕೂತಳು. “ಮಿಲ್ಲಾಗ ಏನರ ತಿಂತೀರೇನ್ರಿ? ನನಗರ ಹೇಳ್ರಿ, ಬೈಯಂಗಿಲ್ಲ.” ಕೊರಳ ಲಿಂಗ ಮುಟ್ಟಿ ಇಲ್ಲ ಅಂದೆ. ನಂಬಿದಳು ಅನ್ನಿಸುತ್ತದೆ. ಆದರೂ ಸಂಜೆ ನನ್ನ ಅಂಗಿಯ ಜೇಬು ನೋಡಿದಳು.

ಡಿಸೆಂಬರ್ 10, ಮಂಗಳವಾರ. ಬೆಳಿಗ್ಗೆ

ಅವ್ವ ಮಜ್ಜಿಗೆ ತಂದಳು. ಗಟಗಟ ಕುಡಿಯುವವನು ಇವತ್ತು ಯಾಕೋ ತಡೆದೆ. ಅನ್ನ ನೋಡುವ ಹಾಗೆ ನೋಡಿದೆ — ಒಂದೇ ಗುಟುಕು, ನಾಲಿಗೆಯ ಮೇಲೆ ಇಟ್ಟುಕೊಂಡು, ಕಣ್ಣು ಮುಚ್ಚಿ.

ಸೋನಾ ಮಸೂರಿ. ಹೋದ ವರ್ಷದ್ದು. ನಮ್ಮ ಮಿಲ್ಲಿನದೇ.

“ಅವ್ವಾ, ಇದರಾಗ ಗಂಜಿ ಐತಿ.”

ಅವ್ವ ಗೋಡೆ ನೋಡಿದಳು. “ನೀರಿನಂಗ ಇರ್ಬೇಕು ಅಂದಿದ್ರಲ್ಲ. ನೀರಿನಂಗ ಐತಿ. ಅರಿವ್ಯಾಗ ಎರಡು ಸಲ ಸೋಸೀನಿ.”

“ಕಟ್ಟಿನಾಗ ತುಪ್ಪಾನೂ ಹಾಕಿಯೇನು?”

“ಒಂದ್ ಚಮಚ.”

“ಗಂಜಿ ಅಂದ್ರ ಅನ್ನ ಅಲ್ಲೇನವ್ವಾ?”

“ಗಂಜಿಗೆ ಯಾರರ ಊಟ ಅಂತಾರೇನು? ಜಡ್ಡಾದೋರಿಗೆ ಕೊಡೋದು ಅದು.”

ಲೋಟ ಗೋಡೆಗೆ ಎಸೆದೆ. ನನ್ನನ್ನು ಸಾಯಿಸಬೇಕು ಅಂತ ಮಾಡಿಯಾ ಅಂದೆ. ಗಂಗೋತ್ರಿ ಬಾಗಿಲಲ್ಲಿ ನಿಂತಿದ್ದಳು. ಅವ್ವ ಸೆರಗಿನಿಂದಲೇ ನೆಲ ಒರೆಸಿ ಒಳಗೆ ಹೋದಳು.

ಮಿಲ್ಲಿಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಕಂಪ್ಲಿಗೆಲ್ಲ ಅಕ್ಕಿಯ ರುಚಿ ಹೇಳುವವನಿಗೆ ತನ್ನ ಲೋಟದಲ್ಲಿ ಏನಿದೆ ಅಂತ ಗೊತ್ತಾಗಲಿಲ್ಲ. ಅಥವಾ ನಾಲಿಗೆ ಮೊದಲ ದಿನವೇ ಹೇಳಿತ್ತು, ಹೊಟ್ಟೆ ಅದರ ಬಾಯಿ ಮುಚ್ಚಿಸಿತು.

ಸಂಜೆ

ಅವ್ವ ಪಡಸಾಲೆಯಲ್ಲಿ ಕೂತಿದ್ದಳು. ನಾನೂ ಹೋಗಿ ಕೂತೆ. ಅವಳೇ ಶುರು ಮಾಡಿದಳು.

“ನಿಮ್ಮಪ್ಪಗ ಹೊಟ್ಟ್ಯಾಗಿನ ಕಲ್ಲಿನ ಆಪರೇಷನ್ ಇದ್ದ ದಿನ ಮುಂಜಾನಿ ಒಂದ್ ತುತ್ತು ಅನ್ನ ಕೇಳಿದ್ರು. ಖಾಲಿ ಹೊಟ್ಟಿ ಇರ್ಬೇಕು ಅಂದಾರ, ಬ್ಯಾಡ ಅಂದೆ. ಮತ್ತ ಕೇಳಿದ್ರು. ‘ಸುಮ್ಮನ ಕುಂದ್ರಿ, ಬಂದ ಮ್ಯಾಲ ಕೊಡ್ತೀನಿ’ ಅಂತ ಸಿಟ್ಟು ಮಾಡಿದೆ. ಒಳಗ ಹೋದೋರು ಹೊಳ್ಳಿ ಬರಲಿಲ್ಲ. ನೂರಾರು ಚೀಲ ಅಕ್ಕಿ ಇಟ್ಕೊಂಡ ಮನುಷ್ಯಾ, ಹಸದು ಹೋದ್ರು.”

ಅಪ್ಪನಿಗೆ ಹಾರ್ಟ್ ನಿಂತಿತು ಅಂತಷ್ಟೇ ನನಗೆ ಗೊತ್ತಿತ್ತು. ಈ ತುತ್ತಿನ ಮಾತು ಇಪ್ಪತ್ತೈದು ವರ್ಷ ಅವ್ವ ಯಾರ ಹತ್ತಿರವೂ ಆಡಿಲ್ಲ.

“ನನ್ನ ಕಳಸೋದಾದ್ರ ಉಣಿಸಿ ಕಳಸ್ಬೇಕು ಅಂತಿತ್ತೇನು?”

“ಹ್ಞೂಂ” ಅಂದಳು.

ಬೆಳಿಗ್ಗೆಯ ಮಾತು ವಾಪಸ್ ತೆಗೆದುಕೊಳ್ಳುವ ಹಾಗಿದ್ದರೆ... ಕಾಲುವೆ ಏರಿಯ ಸಂಗತಿ ಹೇಳಿದೆ. ಅದನ್ನು ಅವಳಿಂದ ಮುಚ್ಚಿಟ್ಟಿದ್ದೆವು. ಕೇಳುತ್ತಾ ಕೇಳುತ್ತಾ ಅವ್ವ ಗಂಗೋತ್ರಿಯನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಎದ್ದು ಹೋಗಿ ಮಜ್ಜಿಗೆ ಕಡೆಯುವ ಕೆಲಸ ಪೂಜಿತಾಳಿಗೆ ಒಪ್ಪಿಸಿದಳು.

ಡಿಸೆಂಬರ್ 17, ಮಂಗಳವಾರ

ಒಂದು ವಾರ ಬರೆಯಲಿಲ್ಲ. ಪೆನ್ನು ಹಿಡಿದರೆ ಅಂಗೈ ಬೆವರುತ್ತಿತ್ತು, ತಲೆ ಗಿರ್ರೆನ್ನುತ್ತಿತ್ತು. ನಿಜವಾದ ಹಸಿವು ಇದು. ಮೊದಲಿನದು ನಾಟಕ.

ಕಾಟಾ 138. ಮತ್ತೆ ಸ್ಕ್ಯಾನ್ ಮಾಡಿಸಿದೆ, ಲಿವರ್ ಕುಗ್ಗಿದೆ. “ಈಗ ಬರ್ರಿ” ಅಂದಳು ಸ್ಫೂರ್ತಿ. ಮೂರನೇ ಚೆಂಡೂ ಎದ್ದಿತು, ಒಂದು ಕ್ಷಣ.

ಡಿಸೆಂಬರ್ 19, ಗುರುವಾರ. ಹುಬ್ಬಳ್ಳಿ. ಬೆಳಿಗ್ಗೆ

ಹಸಿರು ಗೌನ್. ಹಿಂದೆ ದಾರ ಕಟ್ಟಲು ಸಾಲುತ್ತಿಲ್ಲ, ನರ್ಸ್ ಪ್ಲಾಸ್ಟರ್ ಹಚ್ಚಿದಳು. ಕೊರಳ ಲಿಂಗ ತೆಗೆದು ಅವ್ವನ ಕೈಗೆ ಕೊಟ್ಟೆ. ಸೆರಗಿನಲ್ಲಿ ಗಂಟು ಹಾಕಿಕೊಂಡಳು. ನಿನ್ನೆ ಮಧ್ಯಾಹ್ನದಿಂದ ಅವಳೂ ಏನೂ ಮುಟ್ಟಿಲ್ಲ. ನೀ ಹೊರಗ ಬಂದ ಮ್ಯಾಲ ಅನ್ನುತ್ತಾಳೆ.

ಹೀಗೇ ಮಾಡುತ್ತಾಳೆ ಅಂತ ಗೊತ್ತಿತ್ತು. ಪೂಜಿತಾಳಿಗೆ ಹೇಳಿ ಹೊಸ ಲಾಟಿನ ಅಕ್ಕಿ ತರಿಸಿದ್ದೆ. ಇಲ್ಲೇ ಹುಬ್ಬಳ್ಳಿಯಲ್ಲಿರುವ ತನ್ನ ಅಕ್ಕನ ಮನೆಯಲ್ಲಿ ಬೇಯಿಸಿ ಡಬ್ಬಿಯಲ್ಲಿ ತಂದಿದ್ದಾಳೆ. ಉಪ್ಪಿಲ್ಲ, ಸಾರಿಲ್ಲ.

“ಉಣ್ಣು.”

“ಹಸದ ಮಗನ ಮುಂದ ಹೆಂಗ ಉಣ್ಣಲೋ?”

“ದುರುಗಣ್ಣ ಕಾಯಾಕತ್ಯಾನ. ಮಿಲ್ಲಿನವರು ಯಾರರ ಉಂಡು ಹೇಳ್ಬೇಕಲ್ಲ. ನಾ ನುಂಗಂಗಿಲ್ಲ. ನೀ ಉಣ್ಣದ ನಾನೂ ಒಳಗ ಹೋಗಂಗಿಲ್ಲ.”

ಡಬ್ಬಿ ಮಡಿಲಿಗೆ ಎಳೆದುಕೊಂಡಳು. ಒಂದು ತುತ್ತು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು — ಥೇಟ್ ಅಪ್ಪನ ಹಾಗೆ.

“ಹೆಂಗೈತಿ?”

“ಹೊಸಾದು. ಅಂಟ್ತೈತಿ. ಇನ್ನಾ ಎರಡು ತಿಂಗಳು ಇಡ್ಬೇಕು.”

ಅವತ್ತು ಉಗುಳುವ ಮುಂಚೆ ನನಗನ್ನಿಸಿದ್ದೂ ಅದೇ. ಇಷ್ಟು ವರ್ಷ ಅವ್ವನನ್ನು ಯಾರೂ ಕೇಳಿರಲಿಲ್ಲ.

ಈಗ ಗೋಡೆ ಕಡೆ ತಿರುಗಿ ಉಣ್ಣುತ್ತಿದ್ದಾಳೆ. ನಾನು ನೋಡುತ್ತಿದ್ದರೆ ಅವಳ ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೇ ತಲೆ ತಗ್ಗಿಸಿ ಬರೆಯುತ್ತಿದ್ದೇನೆ. ಅನ್ನದ ವಾಸನೆ ಬರುತ್ತಿದೆ. ಹಸಿವಿದೆ, ಭಯವೂ ಇದೆ. ಎರಡೂ ಇರಲಿ.

ಸ್ಟ್ರೆಚರ್ ಬಂತು. ಡಬ್ಬಿಯಲ್ಲಿ ಇನ್ನೂ ಎರಡು ತುತ್ತಿದೆ. ಅವಳು ಏಳಬಾರದು. ಸ್ವಲ್ಪ ತಡೀರಿ ಅಂದೆ, ನಮ್ಮವ್ವ ಉಣ್ಣಾಕತ್ಯಾಳ, ಮುಗಿಸಲಿ, ಆಮೇಲೆ...