ಅವ್ವನ ಫೋನಿನ ಹಣತೆ

ಸೋಲಾಪುರ
೧೮ ಜುಲೈ ೨೦೨೫

ಪ್ರೀತಿಯ ಅವ್ವಗೆ ಶ್ರದ್ಧಾಳ ನಮಸ್ಕಾರ.

ಫೋನಿನಲ್ಲಿ ಹೇಳಹೋದರೆ ನೀನು ಊಟದ ಮಾತೆತ್ತಿ ಮರೆಸುತ್ತೀ. ಅದಕ್ಕೇ ಬರೆಯುತ್ತಿದ್ದೇನೆ, ಪಕ್ಕದ ಮನೆಯ ಕಲ್ಲಣ್ಣ ಕಾಕಾ ಓದಿ ಹೇಳಲಿ. ನಾಲ್ಕು ಸಲ ಬರೆದು ಹರಿದೆ. ಕೂತಲ್ಲಿ ಕೂಡಲಾಗುತ್ತಿಲ್ಲ.

ನಿನ್ನ ಫೋನಿನ ಪರದೆಯ ಮೇಲೆ ನಾನು ಇಟ್ಟುಕೊಟ್ಟ ಹಣತೆಯ ಚಿತ್ರ ಇದೆಯಲ್ಲ, ಅದು ನಮ್ಮ ಕಂಪನಿಯ ಕನ್ನಡ ಕಲಿಸುವ ಆ್ಯಪಿನ ವಿಜೆಟ್, ಆ್ಯಪು ತೆರೆಯದೆಯೂ ಪರದೆಯ ಮೇಲೆ ಕಾಣುವ ಗುರುತು. ದಿನಕ್ಕೊಂದು ಪಾಠ ಮಾಡಿದರೆ ಉರಿಯುತ್ತದೆ, ಒಂದು ದಿನ ತಪ್ಪಿದರೆ ಆರುತ್ತದೆ. ಜನ ಬಿಡದೆ ಕಲಿಯಲಿ ಎಂದು ನಾನೇ ರೂಪಿಸಿದ್ದು. ನಿನ್ನದು ಅರವತ್ತಮೂರು ದಿನ ಆರಲೇ ಇಲ್ಲ. ಅದನ್ನು ಆಫೀಸಿನಲ್ಲಿ ಎಲ್ಲರಿಗೂ ತೋರಿಸಿ ಬೀಗಿದೆ.

ಕಳೆದ ಭಾನುವಾರ ಹೇಳದೆ ಕೇಳದೆ ಅಕ್ಕಲಕೋಟಕ್ಕೆ ಬಂದಾಗ ನೀನು ಜ್ವರದಲ್ಲಿ ನಡುಗುತ್ತ, ಇವತ್ತಿನ ಪಾಠ ಆಗಿಲ್ಲ ಎಂದು ಫೋನು ತಡಕಾಡುತ್ತಿದ್ದೆ. ಎಷ್ಟು ಕಲಿತಿದ್ದೀ ನೋಡೋಣವೆಂದು ನಾನು ಗೋಡೆಗೆ ಸಿಕ್ಕಿಸಿದ್ದ ಕನ್ನಡ ಲಗ್ನಪತ್ರಿಕೆ ಕೊಟ್ಟು ಓದು ಎಂದೆ. ‘ಅ’ ಬಿಟ್ಟರೆ ಒಂದಕ್ಷರವೂ ನಿನಗೆ ಬರಲಿಲ್ಲ. ಅಷ್ಟೂ ದಿನ ನೀನು ಮೊದಲ ಪಾಠವೊಂದನ್ನೇ ಒತ್ತಿ ಮುಗಿಸಿದ್ದೆ.

ಯಾಕೆಂದು ಕೇಳಿದರೆ ನೀನು ಹೇಳಿದ್ದು: “ದೀಪ ಆರಿದ್ರ ನಿನಗೇನರ ಕೇಡು ಆದೀತು ಅಂತ ಅಂಜಿಕಿ ಬರ್ತಿತ್ತವ್ವಾ. ನೀನ ಹಚ್ಚಿ ಕೊಟ್ಟೀದಿ, ಹ್ಯಾಂಗ ಆರಸ್ಲಿ?”

ನಾನು ಏನೇನೋ ಅಂದುಬಿಟ್ಟೆ. ಗುಳಿಗೆ ತಂದುಕೊಟ್ಟು, ಮುಖ ತಿರುಗಿಸಿಕೊಂಡೇ ಬಸ್ಸು ಹತ್ತಿದೆ. ಸಿಟ್ಟು ನಿನ್ನ ಮೇಲಲ್ಲವ್ವ. ಅಂಜಿಸಿ ಕಲಿಸಬಹುದು ಎಂದುಕೊಂಡಿದ್ದ ನನ್ನ ಮೇಲೆ.

ಸೋಮವಾರ ನಮ್ಮ ಮುಖ್ಯಸ್ಥ ನಿಲೇಶ ಸರ್‌ಗೆ ಎಲ್ಲ ಹೇಳಿದೆ. “ದಿನಾ ಆ್ಯಪ್ ತೆರೆಯೋರ ನಂಬರ್ ಛಲೋ ಬಂದಾವ, ಸುಮ್ಮ ಬಿಡ್ರಿ” ಎಂದರು. ಬಿಡಲಾಗಲಿಲ್ಲ. ಮೀಟಿಂಗಿನಲ್ಲಿ ಎದ್ದು ನಿಂತು, ಈ ಅರವತ್ತಮೂರು ನಮ್ಮವ್ವನದು, ಆಕೆ ಕಲಿತಿಲ್ಲ, ಹೆದರಿದ್ದಾಳೆ ಎಂದೆ. ಹಣತೆ ತೆಗೆಯಲು ಒಪ್ಪಿದರು, ಆದರೆ ಕೆಲಸವನ್ನು ನನ್ನ ಕೈಯಿಂದ ತೆಗೆದು ಜೊತೆಗೆ ಕೆಲಸ ಮಾಡುವ ಸಾರಿಕಾಗೆ ಕೊಟ್ಟರು. ಆಕೆ ಒಳ್ಳೆಯವಳು, ಸಂಜೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೊಸದನ್ನು ಮಾಡುತ್ತಿದ್ದಾಳೆ. ಅದರಲ್ಲಿ ದಿನದ ಎಣಿಕೆಯಿಲ್ಲ. ಒಂದು ಅಕ್ಷರ, ಒಂದು ಚಿತ್ರ. ನೀನು ನಾಲ್ಕು ದಿನ ಬಿಟ್ಟು ಬಂದರೂ ಅಕ್ಷರ ಅಲ್ಲಿಯೇ ಇರುತ್ತದೆ.

ಈ ಭಾನುವಾರ ಬಂದು ಹಾಕಿಕೊಡುತ್ತೇನೆ. ಮನಸ್ಸಾದರೆ ಒತ್ತು, ಬೇಡವಾದರೆ ಬಿಡು. ಯಾರಿಗೂ ಏನೂ ಆಗುವುದಿಲ್ಲ.

ನಿನ್ನ ಮಗಳು,
ಶ್ರದ್ಧಾ

ತಾ.ಕ.: ಎರಡು ತಿಂಗಳು ನಾನು ಯಾಕೆ ಫೋನೇ ಮಾಡಲಿಲ್ಲ ಎಂದು ನೀನು ಕೇಳಲಿಲ್ಲ. ದಿನಾ ಬೆಳಿಗ್ಗೆ ಆಫೀಸಿನ ಕಂಪ್ಯೂಟರಿನಲ್ಲಿ ನಿನ್ನ ಹೆಸರಿನ ಮುಂದೆ ಒಂದು ಅಂಕಿ ಏರಿದ್ದು ನೋಡುತ್ತಿದ್ದೆ. ಅವ್ವ ಆರಾಮ ಇದ್ದಾಳೆ ಎಂದುಕೊಂಡು ಕೆಲಸಕ್ಕೆ ಕೂಡುತ್ತಿದ್ದೆ.