ಕಪಾಟಿಗೆ ಹಚ್ಚಿದ ಕುಂಕುಮ

ವೆಸ್ಟೆರಾಸ್, ಸ್ವೀಡನ್
ಅಕ್ಟೋಬರ್ 2007

ಲಿಂಗರಾಜಣ್ಣನವರಿಗೆ ಪಾವನಾ ಮಾಡುವ ನಮಸ್ಕಾರಗಳು.

ಶೂಟಿಂಗ್ ಕ್ಲಬ್ಬಿನಲ್ಲಿ ನಿಮ್ಮ ಹಳೆಯ ಸೆಮಿ ಆಟೋಮ್ಯಾಟಿಕ್ ರೈಫಲ್ ನೋಡಿ ಬಂದಾಗಿನಿಂದ ನಮ್ಮ ಯಜಮಾನರಿಗೆ ಬೇರೆ ಮಾತಿಲ್ಲ. ಸ್ಪರ್ಧೆಗೂ ಆಗುತ್ತದೆ, ಬೆಲೆಯೂ ಕೈಗೆಟುಕುತ್ತದೆ ಎನ್ನುತ್ತಾರೆ. ಅವರ ಗುರಿ ಚೆನ್ನಾಗಿದೆ ಎಂದು ನೀವು ಹೊಗಳಿದಿರಂತೆ. ನಿಜ. ಮನೆಯಲ್ಲಿ ಅವರು ಎಸೆದದ್ದು ಯಾವುದೂ ಗುರಿ ತಪ್ಪಿಲ್ಲ.

ಲೈಸೆನ್ಸಿಗೆ ಬೇಕೆಂದು ಬಂದೂಕು ಇಡುವ ಉಕ್ಕಿನ ಕಪಾಟು ಆಗಲೇ ಮಲಗುವ ಕೋಣೆಗೆ ಬಂದಿದೆ. ಆಯುಧಪೂಜೆಯ ದಿನ ನನ್ನ ಕೈಯಿಂದಲೇ ಅದಕ್ಕೆ ಕುಂಕುಮ ಹಚ್ಚಿಸಿದರು. "ಬರೋ ವರ್ಷ ಒಳಗಿರೋದಕ್ಕೂ ನೀನೇ ಹಚ್ಬೇಕು ಕಣೇ" ಎಂದು ನಕ್ಕರು. ಈಗ ಅದರೊಳಗೆ ನನ್ನ ಮತ್ತು ಮಗಳು ದಿಯಾಳ ಪಾಸ್‌ಪೋರ್ಟ್‌ಗಳಿವೆ. ಬೀಗದಕೈ ಅವರ ಜನಿವಾರದಲ್ಲಿದೆ.

ಒಂದು ಉಪಕಾರ ಮಾಡಿ. ರೈಫಲ್ಲನ್ನು ಬೇರೆಯವರಿಗೆ ಮಾರಿಬಿಟ್ಟೆ ಎಂದು ಅವರಿಗೆ ಹೇಳಿ. ನನ್ನ ಹೆಸರೆತ್ತಬೇಡಿ, ಮನೆಗೆ ಫೋನೂ ಮಾಡಬೇಡಿ. ನೀವು ಒಪ್ಪುವುದಾದರೆ, ಕನ್ನಡದವರ ದೀಪಾವಳಿ ಊಟದಲ್ಲಿ ಸಿಕ್ಕಾಗ ನನ್ನ ಪಾಯಸ ಚೆನ್ನಾಗಿದೆ ಎನ್ನಿ. ನನಗೆ ಅರ್ಥವಾಗುತ್ತದೆ.

ರೈಫಲ್ ಬಂದ ದಿನವೇ ಪಾಸ್‌ಪೋರ್ಟ್ ವಾಪಸ್ ಕೊಡುತ್ತಾರಂತೆ. ಆಮೇಲೆ ಅವನ್ನು ಬೀಗ ಹಾಕಿಡುವ ಅಗತ್ಯವೇ ಇರುವುದಿಲ್ಲವಂತೆ.

ನಿಮ್ಮ ತಂಗಿಯಂಥವಳು,
ಪಾವನಾ