ಅಪ್ಪನ ಮಿಲಿಟರಿ ಕೋವಿ

ಅಪ್ಪಾ,

ನಿಮ್ಮ ಹಳೇ ಮಿಲಿಟರಿ ಕೋವಿಯಲ್ಲಿ ಸೆಲ್ಬಿ ಅಣ್ಣ ನಿನ್ನೆ ಒಂದು ಗಂಡು ಮೂಸ್ ಕಡವೆ ಹೊಡೆದ. ಪೆಟ್ಟು ಸೊಂಟಕ್ಕೆ ಬಿತ್ತು. ಎತ್ತಿನ ಎರಡರಷ್ಟಿದ್ದ ಆ ಪ್ರಾಣಿ ಮುಂಗಾಲಿನಲ್ಲೇ ಮೈ ಎಳೆದುಕೊಂಡು ಕೊಳದ ಕಡೆ ತೆವಳತೊಡಗಿತು.

“ಇನ್ನೊಂದು ಹೊಡಿಯೋ ಅಣ್ಣಾ,” ಎಂದೆ.

ಅವನು ಬಂಡೆಯ ಮೇಲೆ ಕೂತು ಸಿಗರೇಟು ಹಚ್ಚಿದ. “ಏನವಸರ? ತಾನೇ ಸಾಯತ್ತೆ ಬಿಡು. ಗುಂಡು ದಂಡ ಮಾಡಿದ್ರೆ ಅಪ್ಪ ಬೆಲ್ಟಲ್ಲಿ ಬಾರಿಸ್ತಿದ್ರು, ಮರೆತ್ಯಾ?”

ನಾನು ಕೋವಿ ಕಿತ್ತುಕೊಂಡೆ.

“ಏಯ್ ಎಫೀ, ಅದು ಹೆಂಗಸರು ಮುಟ್ಟೋದಲ್ಲ ಕಣೇ! ಭುಜ ಮುರಿಯತ್ತೆ,” ಎಂದು ನಕ್ಕ.

ಪ್ರಾಣಿಯ ಕಿವಿಯ ಹಿಂದೆ ಗುರಿಯಿಟ್ಟು ಹೊಡೆದೆ. ಭುಜ ಮುರಿಯಲಿಲ್ಲ, ನೀಲಿಗಟ್ಟಿದೆ ಅಷ್ಟೆ.

ಕಳೆದ ಚಳಿಗಾಲ ನೀವು ನೋವಿಗೆ ದಿಂಬು ಕಚ್ಚಿಕೊಂಡು ಕಿರುಚುತ್ತಿದ್ದಾಗ, ಗ್ಯಾಂಡರ್ ಪಟ್ಟಣಕ್ಕೆ ಹೋಗಿ ನೋವಿನ ಔಷಧಿ ತಾ ಎಂದು ಅವನನ್ನು ಬೇಡಿಕೊಂಡಿದ್ದೆ. ಆಗಲೂ ಹೀಗೇ ಕೂತು, “ಈ ಹಿಮದಲ್ಲಿ ಪೆಟ್ರೋಲ್ ಯಾಕೆ ದಂಡ? ಇವತ್ತೋ ನಾಳೆಯೋ ತಾನೇ ಹೋಗ್ತಾರೆ,” ಎಂದ. ಗೋಡೆಯಾಚೆ ಅದು ನಿಮಗೆ ಕೇಳಿಸಿತು. ನೀವು ಕಿರುಚುವುದನ್ನು ನಿಲ್ಲಿಸಿಬಿಟ್ಟಿರಿ.

ನಾನೇ ನಡೆದು ಹೋಗಿ ಔಷಧಿ ತರುವಷ್ಟರಲ್ಲಿ ನೀವು ಹೋಗಿಬಿಟ್ಟಿದ್ದಿರಿ. ಆ ಸೀಸೆಯ ಮುಚ್ಚಳವನ್ನು ಇನ್ನೂ ತೆರೆದಿಲ್ಲ.

ಎಫಿ